ಬಂದು ಹೋಗಲಿ ಬಿಡಿ ಅನ್ನುವ ಮಾತು

ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿಯುವ ಅಪ್ಪ ಅಮ್ಮಂದಿರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೋ ಬೈಯುತ್ತಾರೆ, ಇಲ್ಲ ನಗುತ್ತಾರೆ. ನನ್ನಿಂದ ಎರಡೂ ಆಗುವುದಿಲ್ಲ. ಯಾಕೆಂದರೆ ನಾನು ಕಂಡ ಇಂಥವರಲ್ಲಿ ಹೆಚ್ಚಿನವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಮಗುವಿನ ವಿಷಯದಲ್ಲಿ ಉಳಿದವರಿಗಿಂತ ಜಾಸ್ತಿ ಓದಿದವರು, ಜಾಸ್ತಿ ತಲೆ ಕೆಡಿಸಿಕೊಂಡವರು. ಹಾಲು ಬಿಡಿಸುವುದು ಯಾವಾಗ, ನಿದ್ದೆ ಎಷ್ಟು ಬೇಕು, ಮೊಬೈಲ್ ತೋರಿಸಬಹುದಾ, ಎಲ್ಲಕ್ಕೂ ಅವರ ಹತ್ತಿರ ಯೋಚನೆ ಮಾಡಿದ ಉತ್ತರ ಇರುತ್ತದೆ.

ಲಸಿಕೆಯೇ ಮೋಸ ಅಂತ ಕೂಗಾಡುವವರು ಕಡಿಮೆ. ಅವರ ದನಿ ಮಾತ್ರ ಜೋರು. ನಿಜವಾಗಿ ಜಾಸ್ತಿ ಇರುವವರು "ಇನ್ನೂ ಸ್ವಲ್ಪ ದೊಡ್ಡದಾಗಲಿ" ಅನ್ನುವವರು. ಒಂದು ಹಾಕಿಸಿ ಇನ್ನೊಂದು ಬಿಡುವವರು. ತಾರೀಖು ಬಂದಾಗ ಮಗುವಿಗೆ ಮೂಗು ಸೋರುತ್ತಿತ್ತು ಅನ್ನುವ ಕಾರಣ ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನ ಪಟ್ಟವರು.

ನನ್ನ ಗೆಳತಿಯೊಬ್ಬಳು ಈ ಮೂರನೇ ಗುಂಪಿನವಳು. ಅವಳ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ನಮಗೆಲ್ಲ ದಡಾರ ಬಂತು, ಹೋಯ್ತು. ಏನಾಯ್ತು ಹೇಳು? ಕಾಯಿಲೆ ಬಂದು ಹೋದರೆ ಮೈ ಗಟ್ಟಿಯಾಗುತ್ತೆ. ದೇಹ ತಾನಾಗೇ ಕಲಿಯುತ್ತೆ. ಅದನ್ನ ಬಿಟ್ಟು ಚೆನ್ನಾಗಿರೋ ಮಗೂಗೆ ಸುಮ್ನೆ ಸೂಜಿ ಯಾಕೆ ಚುಚ್ಚಿಸ್ಬೇಕು?"

ಈ ಮಾತಿನಲ್ಲಿ ಮೂರು ನಾಲ್ಕು ವಿಷಯ ಒಟ್ಟಿಗೆ ಸೇರಿಕೊಂಡಿವೆ. ಕೆಲವು ನಿಜ. ಕೆಲವು ಅರ್ಧ ನಿಜ. ಆದರೆ ಎಲ್ಲಕ್ಕಿಂತ ಭಾರವಾದ ಮಾತು ವಿಜ್ಞಾನದ್ದಲ್ಲ. "ಚೆನ್ನಾಗಿರೋ ಮಗು" ಅನ್ನುವುದು.

ಲಸಿಕೆ ಹಾಕುವ ಕೋಣೆಯಲ್ಲಿ ಏನು ನಡೆಯುತ್ತದೆ ನೋಡಿ. ಮಗು ನಗುತ್ತಾ ಇರುತ್ತದೆ. ನರ್ಸ್ ಕೈ ತೊಳೆದು, ಸಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದು, ಮದ್ದನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ಮಗು ಅದನ್ನೂ ಆಟ ಅಂದುಕೊಂಡು ಕಣ್ಣರಳಿಸಿ ನೋಡುತ್ತದೆ. "ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ" ಅನ್ನುತ್ತಾರೆ. ನಾವು ಹಿಡಿಯುತ್ತೇವೆ. ಮಂಡಿ ಅಲುಗಾಡದ ಹಾಗೆ ಒತ್ತಿ ಹಿಡಿಯುತ್ತೇವೆ. ಸೂಜಿ ತೊಡೆಗೆ ಇಳಿದ ಕೂಡಲೇ ಮಗು ಅಳುವುದಿಲ್ಲ. ಬಾಯಿ ತೆರೆದು, ಉಸಿರು ಹಿಡಿದು, ನಮ್ಮ ಮುಖವನ್ನೇ ನೋಡುತ್ತದೆ. ಅಳು ಬರುವುದು ಆಮೇಲೆ. ಆ ರಾತ್ರಿ ಮೈ ಬಿಸಿಯಾದರೆ, ಚುಚ್ಚಿದ ಜಾಗ ಊದಿ ಕೆಂಪಾದರೆ, ಕಾರಣ ಯಾರು ಅಂತ ಹುಡುಕಬೇಕಾಗಿಲ್ಲ. ಕರೆದುಕೊಂಡು ಹೋದವರು ನಾವು. ಕಾಲು ಹಿಡಿದವರೂ ನಾವು.

ಕಾಯಿಲೆ ಹಾಗಲ್ಲ. ಅದು ತಾನಾಗಿ ಬರುತ್ತದೆ. ಬಂದರೆ ಹಣೆಬರಹ ಅನ್ನಬಹುದು, ಋತು ಬದಲಾಯಿತು ಅನ್ನಬಹುದು, ಪಕ್ಕದ ಮಗುವಿನಿಂದ ಅಂಟಿತು ಅನ್ನಬಹುದು. ನಾವು ಮಾಡಿದ್ದರಿಂದ ಆದ ಸಣ್ಣ ನೋವು, ನಾವು ಮಾಡದೆ ಬಿಟ್ಟದ್ದರಿಂದ ಆದ ದೊಡ್ಡ ನೋವಿಗಿಂತ ಜಾಸ್ತಿ ಚುಚ್ಚುತ್ತದೆ. ಮನಶ್ಶಾಸ್ತ್ರದವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1990ರ ಒಂದು ಅಧ್ಯಯನದಲ್ಲಿ ಕಾಲ್ಪನಿಕ ಲಸಿಕೆಯೊಂದರ ಬಗ್ಗೆ ಜನರನ್ನು ಕೇಳಿದರು. ಕಾಯಿಲೆಯಿಂದ ಸಾಯುವ ಮಕ್ಕಳಿಗಿಂತ ಲಸಿಕೆಯಿಂದ ಸಾಯುವ ಮಕ್ಕಳು ಕಡಿಮೆ ಅಂತ ಗೊತ್ತಿದ್ದರೂ ಹಲವರು ಹಾಕಿಸಲು ಒಪ್ಪಲಿಲ್ಲ. ಲೆಕ್ಕ ಬರದವರು ಅಂತ ಅವರನ್ನು ತಳ್ಳಿಹಾಕುವುದು ಸುಲಭ. ಆದರೆ ಲೆಕ್ಕ ಬರುವವರೂ ಮಗುವಿನ ಕಾಲು ಹಿಡಿದಾಗ ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಅಲ್ವಾ?

ಇದು ಇವತ್ತಿನ ಸಂಕಟವೂ ಅಲ್ಲ. ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಸಿಡುಬಿನ ಲಸಿಕೆ ಕೊಡುವುದಕ್ಕೆ ಎಷ್ಟೋ ಮೊದಲೇ ಇನ್ನೊಂದು ಪದ್ಧತಿ ಇತ್ತು. ಸಿಡುಬು ಬಂದವರ ಗುಳ್ಳೆಯ ಕೀವನ್ನು ಆರೋಗ್ಯವಾಗಿರುವವರ ಚರ್ಮಕ್ಕೆ ಗೀರಿ ಸೇರಿಸುವುದು. ಅದರಿಂದ ಬರುವುದು ನಿಜವಾದ ಸಿಡುಬೇ, ಆದರೆ ಸಾಮಾನ್ಯವಾಗಿ ಹಗುರವಾಗಿ ಬಂದು ಹೋಗುತ್ತಿತ್ತು. 1721ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸಿಡುಬು ಹಬ್ಬಿದಾಗ ತಾನಾಗಿ ಕಾಯಿಲೆ ಬಂದವರಲ್ಲಿ 100ಕ್ಕೆ ಸುಮಾರು 14 ಮಂದಿ ಸತ್ತರು. ಗೀರಿಸಿಕೊಂಡವರಲ್ಲಿ 100ಕ್ಕೆ ಸುಮಾರು 2. ಕಡಿಮೆ ನಿಜ, ಆದರೆ ಸೊನ್ನೆ ಅಲ್ಲ. ಊರಲ್ಲಿ ದೊಡ್ಡ ಜಗಳವೇ ಆಯಿತು. ವಿರೋಧಿಗಳ ಪತ್ರಿಕೆಯೊಂದನ್ನು ಜೇಮ್ಸ್ ಫ್ರಾಂಕ್ಲಿನ್ ಅಚ್ಚು ಹಾಕುತ್ತಿದ್ದ. ಅವನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಅವನ ತಮ್ಮ ಬೆಂಜಮಿನ್.

ಮುಂದೆ ಅಮೆರಿಕದ ಹೆಸರಾಂತ ನಾಯಕ, ವಿಜ್ಞಾನಿ ಆದ ಬೆಂಜಮಿನ್ ಫ್ರಾಂಕ್ಲಿನ್ ದೊಡ್ಡವನಾದ ಮೇಲೆ ಈ ಪದ್ಧತಿಯ ಪರವಾಗಿಯೇ ನಿಂತ. ಆದರೆ 1736ರಲ್ಲಿ ಅವನ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ಸತ್ತ. ಮಗುವಿಗೆ ಗೀರಿಸಿರಲಿಲ್ಲ. ಭೇದಿಯಿಂದ ಸೊರಗಿದ್ದ ಮಗು ಚೇತರಿಸಿಕೊಳ್ಳಲಿ, ಆಮೇಲೆ ಮಾಡಿಸೋಣ ಅಂತ ಮುಂದೂಡಿದ್ದರು. ಗೀರಿಸಿದ್ದಕ್ಕೇ ಮಗು ಹೋಯಿತು ಅಂತ ಊರಲ್ಲಿ ಸುದ್ದಿ ಹಬ್ಬಿತು. ಆಗ ಆ ಅಪ್ಪ ತನ್ನ ಪತ್ರಿಕೆಯಲ್ಲೇ ಪ್ರಕಟಣೆ ಹಾಕಿ, ಹಾಗಲ್ಲ, ಮಗನಿಗೆ ತಾನಾಗೇ ಸಿಡುಬು ಬಂದದ್ದು ಅಂತ ತಿಳಿಸಬೇಕಾಯಿತು. ಮಗ ತೀರಿಕೊಂಡ ದುಃಖದ ನಡುವೆ ಕೂತು ಇದನ್ನು ಬರೆಯುವುದು ಹೇಗಿದ್ದಿರಬಹುದು! ವರ್ಷಗಳು ಕಳೆದ ಮೇಲೆ ತನ್ನ ಜೀವನದ ಕಥೆ ಬರೆಯುವಾಗಲೂ ಈ ಕೊರಗನ್ನು ಬಿಟ್ಟಿಲ್ಲ. ಮಾಡಿಸಿ ಮಗು ಹೋದರೂ ಪಶ್ಚಾತ್ತಾಪ, ಮಾಡಿಸದೆ ಹೋದರೂ ಪಶ್ಚಾತ್ತಾಪ. ಹಾಗಿದ್ದ ಮೇಲೆ ಅಪಾಯ ಕಡಿಮೆ ಇರುವ ದಾರಿಯನ್ನೇ ಹಿಡಿಯಿರಿ ಅನ್ನುವುದು ಅವನು ಬೇರೆ ತಂದೆ ತಾಯಂದಿರಿಗೆ ಹೇಳಿದ ಮಾತಿನ ಸಾರ. ಲಸಿಕೆಯ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಕಡಿಮೆ. ಅವನು ವಿರೋಧಿಯಾಗಿರಲಿಲ್ಲ, ಗಮನಿಸಿ. ಮುಂದೂಡಿದವನು ಅಷ್ಟೆ.

ಇನ್ನು ಗೆಳತಿಯ ಎರಡನೇ ಮಾತು. ಕಾಯಿಲೆ ಬಂದು ಹೋದರೆ ದೇಹ ಕಲಿಯುತ್ತದೆ. ಇದು ನಿಜ. ಇದನ್ನು ಅಲ್ಲಗಳೆಯುವವರು ವಿಜ್ಞಾನವನ್ನೇ ಅಲ್ಲಗಳೆದಂತೆ. ದಡಾರದ ವಿಷಯದಲ್ಲಂತೂ ಇದಕ್ಕಿರುವ ಸಾಕ್ಷಿ ಬಹಳ ಚಂದದ್ದು.

ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿ ಫೆರೋ ಅಂತ ದ್ವೀಪಗಳಿವೆ. 1846ರಲ್ಲಿ ಕೋಪನ್‌ಹೇಗನ್‌ನಿಂದ ಹಡಗಿನಲ್ಲಿ ಬಂದ ಬಡಗಿಯೊಬ್ಬನ ಜೊತೆ ದಡಾರವೂ ಅಲ್ಲಿಗೆ ಇಳಿಯಿತು. ದ್ವೀಪಗಳಲ್ಲಿದ್ದ 7,782 ಜನರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 6,000 ಜನ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಎಂಬ ಎಳೆ ವಯಸ್ಸಿನ ವೈದ್ಯನನ್ನು ಅಲ್ಲಿಗೆ ಕಳಿಸಿತು. ಅವನು ಹಳ್ಳಿಯಿಂದ ಹಳ್ಳಿಗೆ ಅಲೆದು, ಯಾರಿಗೆ ಯಾವಾಗ ಬಂತು, ಯಾರಿಂದ ಬಂತು ಅಂತ ಒಂದೊಂದಾಗಿ ಬರೆದಿಟ್ಟ. ಆಗ ಒಂದು ವಿಚಿತ್ರ ಕಂಡಿತು. ತೀರಾ ವಯಸ್ಸಾದ ಕೆಲವರಿಗೆ ಏನೂ ಆಗಿರಲಿಲ್ಲ. ವಿಚಾರಿಸಿದರೆ, 1781ರಲ್ಲಿ ದ್ವೀಪಕ್ಕೆ ದಡಾರ ಬಂದಿದ್ದಾಗ ಅವರಿಗೆಲ್ಲ ಅದು ತಗುಲಿತ್ತು. ನಡುವೆ 65 ವರ್ಷ ಆ ಕಾಯಿಲೆಯ ಸುಳಿವೇ ಇರಲಿಲ್ಲ. ಆದರೂ ದೇಹ ಮರೆತಿರಲಿಲ್ಲ. ಪಾನುಮ್ ಖುದ್ದಾಗಿ ನೋಡಿದ ಅಂಥ 98 ಮುದುಕ ಮುದುಕಿಯರಲ್ಲಿ ಒಬ್ಬರಿಗೂ ದಡಾರ ಮತ್ತೆ ಬಂದಿರಲಿಲ್ಲ.

ಸಹಜ ರೋಗನಿರೋಧಕ ಶಕ್ತಿಯನ್ನು ನಂಬುವವರು ಈ ಕಥೆಯನ್ನು ಮೊದಲು ಹೇಳಬೇಕು. ಯಾಕೆ ಹೇಳುವುದಿಲ್ಲವೋ! ಬಹುಶಃ ಪೂರ್ತಿ ಹೇಳಬೇಕಾಗುತ್ತದೆ ಅಂತ ಇರಬಹುದು. ಅದೇ ವರ್ಷ ಆ ಪುಟ್ಟ ದ್ವೀಪಗಳಲ್ಲಿ ದಡಾರದಿಂದ ಸತ್ತವರು ನೂರಕ್ಕೂ ಹೆಚ್ಚು. ಆ 98 ಮಂದಿಯನ್ನು ಎಣಿಸಲು ಸಾಧ್ಯವಾದದ್ದು ಅವರು 1781ರಲ್ಲಿ ಬದುಕಿ ಉಳಿದಿದ್ದರಿಂದ. ಆಗ ಉಳಿಯದವರನ್ನು ಪಾನುಮ್ ಹೋಗಿ ಮಾತಾಡಿಸುವ ಹಾಗಿರಲಿಲ್ಲ.

"ನಮಗೆಲ್ಲ ಬಂತು, ಹೋಯ್ತು, ಏನಾಯ್ತು?" ಅನ್ನುವ ಪ್ರಶ್ನೆಯ ತೊಡಕೂ ಇಲ್ಲೇ ಇದೆ. ಕೇಳುತ್ತಿರುವವರು ಯಾವಾಗಲೂ ಉಳಿದವರೇ. 1963ರಲ್ಲಿ ದಡಾರದ ಲಸಿಕೆ ಬರುವುದಕ್ಕೆ ಮುಂಚೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಅದರಿಂದ ಸಾಯುತ್ತಿದ್ದರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಳ್ಳೆಯ ಆಸ್ಪತ್ರೆ, ಒಳ್ಳೆಯ ಊಟ ಇರುವ ಕಡೆಯೂ ದಡಾರ ಬಂದ 1,000 ಮಕ್ಕಳಲ್ಲಿ ಒಬ್ಬರಿಂದ ಮೂವರು ಸಾಯುತ್ತಾರೆ. ಇನ್ನೊಬ್ಬರಿಗೆ ಮೆದುಳಿಗೆ ಊತ ಬರುತ್ತದೆ. ಅಪರೂಪಕ್ಕೆ, ಕಾಯಿಲೆ ಬಂದು ಹೋಗಿ ಏಳೆಂಟು ವರ್ಷ ಕಳೆದು, ಶಾಲೆಗೆ ಹೋಗುತ್ತಿರುವ ಮಗುವಿನ ಮೆದುಳಿನಲ್ಲಿ ಅದೇ ವೈರಸ್ ಮತ್ತೆ ಎದ್ದು, ಮಾತು, ನಡಿಗೆ, ಕೊನೆಗೆ ಜೀವವನ್ನೇ ತೆಗೆದುಕೊಂಡು ಹೋಗುವುದೂ ಇದೆ.

ಹಾಗಾದರೆ 1,000ಕ್ಕೆ 997 ಮಕ್ಕಳು ಉಳಿಯುತ್ತಾರಲ್ಲ ಅಂತ ಗೆಳತಿ ಕೇಳಿದಳು. ಉಳಿಯುತ್ತಾರೆ. ಹೆಚ್ಚಿನವರು ಚೆನ್ನಾಗಿಯೇ ಉಳಿಯುತ್ತಾರೆ. ಆದ್ದರಿಂದಲೇ ಈ ನಂಬಿಕೆ ತಲೆಮಾರುಗಳಿಂದ ಗಟ್ಟಿಯಾಗಿ ನಿಂತಿದೆ. ಆದರೆ ಕಾಯಿಲೆಯಿಂದ ಸಿಗುವ ರಕ್ಷಣೆ ಪುಕ್ಕಟೆ ಅಲ್ಲ, ಬೆಲೆ ಕೊಟ್ಟ ಮೇಲೆ ಸಿಗುವಂಥದ್ದು. ಆ ಬೆಲೆ ಎಷ್ಟು ಅಂತ ಮೊದಲೇ ಹೇಳುವವರು ಯಾರೂ ಇಲ್ಲ. ಒಂದು ಮಗುವಿಗೆ ನಾಲ್ಕು ದಿನದ ಜ್ವರ, ಇನ್ನೊಂದಕ್ಕೆ ನ್ಯುಮೋನಿಯಾ. ಲಸಿಕೆ ಹಾಕಿದಾಗಲೂ ಕಲಿಯುವುದು ಅದೇ ದೇಹ, ಕಾಯಿಲೆಯ ವಿರುದ್ಧ ಹೋರಾಡುವ ಆ್ಯಂಟಿಬಾಡಿ ತಯಾರಿಸುವುದು ಅದೇ ರಕ್ತದ ಜೀವಕೋಶಗಳು. ಹೊರಗಿನಿಂದ ಯಾರೂ ಶಕ್ತಿಯನ್ನು ತುಂಬಿಸುವುದಿಲ್ಲ. ದುರ್ಬಲ ಮಾಡಿದ ವೈರಸ್ಸನ್ನೋ, ಸತ್ತದ್ದನ್ನೋ, ಅದರ ಒಂದು ಚೂರನ್ನೋ ದೇಹಕ್ಕೆ ತೋರಿಸುತ್ತಾರೆ. ಉಳಿದದ್ದೆಲ್ಲ ಮಗುವಿನ ಮೈಯೇ ಮಾಡಿಕೊಳ್ಳುತ್ತದೆ. ದಡಾರದ ಕಾಯಿಲೆ ಬಂದು ಹೋದರೆ ರಕ್ಷಣೆ ಹೆಚ್ಚುಕಡಿಮೆ ಸಾಯುವವರೆಗೆ. ಎರಡು ಡೋಸ್ ಲಸಿಕೆ ಹಾಕಿಸಿದರೆ 100ರಲ್ಲಿ ಸುಮಾರು 97 ಮಂದಿಗೆ ರಕ್ಷಣೆ. ಇಲ್ಲಿ ಕಾಯಿಲೆಯದ್ದೇ ಒಂದು ಕೈ ಮೇಲು, ಒಪ್ಪಿಕೊಳ್ಳೋಣ.

ಆದರೆ ದಡಾರ ಒಂದರಿಂದ ಎಲ್ಲ ಕಾಯಿಲೆಗೂ ಲೆಕ್ಕ ಹಾಕಿಬಿಡುತ್ತೇವೆ. ಯಡವಟ್ಟಾಗುವುದು ಅಲ್ಲೇ.

ಧನುರ್ವಾಯು ತೆಗೆದುಕೊಳ್ಳಿ. ಗಾಯದ ಮೂಲಕ ಒಳಗೆ ಹೋದ ಬ್ಯಾಕ್ಟೀರಿಯಾ ಒಂದು ವಿಷವನ್ನು ತಯಾರಿಸುತ್ತದೆ. ದವಡೆ ಬಿಗಿಯುವುದು, ಬೆನ್ನು ಬಿಲ್ಲಿನ ಹಾಗೆ ಬಾಗುವುದು ಎಲ್ಲ ಆ ವಿಷದಿಂದ. ಅದು ಎಷ್ಟು ತೀಕ್ಷ್ಣ ಅಂದರೆ, ಮನುಷ್ಯನನ್ನು ಕೊಲ್ಲಲು ಸಾಕಾಗುವಷ್ಟು ವಿಷ ದೇಹಕ್ಕೆ ಕಲಿಸಲು ಸಾಕಾಗುವುದಿಲ್ಲ. ಹಾಗಾಗಿ ಧನುರ್ವಾಯು ಬಂದು ಬದುಕಿದವರಿಗೂ ಮತ್ತೆ ಬರಬಹುದು. ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲು ಅವರಿಗೂ ಲಸಿಕೆ ಹಾಕುತ್ತಾರೆ. ಇದು ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆಯೂ ಅಲ್ಲ. ಮಣ್ಣಿನಲ್ಲೇ ಇರುತ್ತದೆ. ಊರವರೆಲ್ಲ ಹಾಕಿಸಿಕೊಂಡಿದ್ದಾರೆ, ನಮ್ಮ ಮಗುವಿಗೆ ಬೇಡ ಅನ್ನುವ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ. ಗಂಟಲಮಾರಿ ಬಂದು ಹೋದವರಿಗೂ ರಕ್ಷಣೆ ಸಿಗುವುದು ಖಾತ್ರಿ ಇಲ್ಲ, ಅವರಿಗೂ ಲಸಿಕೆ ಬೇಕು.

ನಾಯಿಕೆಮ್ಮು ಬಂದು ಹೋದರೂ ಕೆಲವು ವರ್ಷಗಳಲ್ಲಿ ರಕ್ಷಣೆ ಕರಗುತ್ತದೆ. ಲಸಿಕೆಯದ್ದೂ ಕರಗುತ್ತದೆ, ಅದಕ್ಕೇ ಬೂಸ್ಟರ್.

ಹಿಬ್ ಅಂತ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಹೆಸರು ಅಷ್ಟಾಗಿ ಯಾರೂ ಕೇಳಿರುವುದಿಲ್ಲ. ಲಸಿಕೆ ಬರುವ ಮುಂಚೆ ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು 20,000 ಪುಟ್ಟ ಮಕ್ಕಳಿಗೆ ಇದರಿಂದ ಮೆದುಳುಜ್ವರ, ರಕ್ತದ ಸೋಂಕಿನಂಥ ಗಂಭೀರ ಕಾಯಿಲೆಗಳು ಬರುತ್ತಿದ್ದವು. ಈ ಬ್ಯಾಕ್ಟೀರಿಯಾದ ಹೊರಮೈ ಒಂದು ಬಗೆಯ ಸಕ್ಕರೆಯ ಪದರ. ಎರಡು ವರ್ಷದ ಒಳಗಿನ ಮಗುವಿನ ದೇಹಕ್ಕೆ ಆ ಸಕ್ಕರೆಯನ್ನು ಶತ್ರು ಅಂತ ಗುರುತು ಹಿಡಿಯಲು ಬರುವುದಿಲ್ಲ. ಕಾಯಿಲೆ ಬಂದು ಹೋದರೂ ಕಲಿಯುವುದಿಲ್ಲ. ವಿಜ್ಞಾನಿಗಳು ಆ ಸಕ್ಕರೆಗೆ ಒಂದು ಪ್ರೋಟೀನನ್ನು ಜೋಡಿಸಿ ಲಸಿಕೆ ಮಾಡಿದರು. ಪ್ರೋಟೀನನ್ನು ಗುರುತು ಹಿಡಿಯುವಾಗ ಅದರ ಜೊತೆಗಿರುವ ಸಕ್ಕರೆಯನ್ನೂ ಮಗುವಿನ ದೇಹ ಕಲಿತುಬಿಡುತ್ತದೆ. ಎಳೆ ಮಗುವಿಗೆ ನಿಜವಾದ ಕಾಯಿಲೆ ಕಲಿಸಲಾಗದ್ದನ್ನು ಲಸಿಕೆ ಕಲಿಸುತ್ತದೆ. ನನಗೆ ಇದು ಈಗಲೂ ಮೈ ಜುಮ್ಮೆನ್ನಿಸುವ ಜಾಣತನ.

ದಡಾರಕ್ಕೇ ವಾಪಸ್ ಬರೋಣ. ಅದರ ರಕ್ಷಣೆ ಜೀವನಪೂರ್ತಿ ಅಂದೆ. ಆದರೆ ಆ ರಕ್ಷಣೆ ಕೊಡುವಾಗ ದಡಾರ ಬೇರೇನನ್ನೋ ಕಿತ್ತುಕೊಂಡು ಹೋಗುತ್ತದೆ. ಹಳೆಯ ಸೋಂಕುಗಳನ್ನು ನೆನಪಿಟ್ಟುಕೊಂಡ ಜೀವಕೋಶಗಳಿಗೇ ಈ ವೈರಸ್ ನುಗ್ಗುತ್ತದೆ. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಮತ್ತು ಬಂದು ಹೋದ ಮೇಲೆ ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಬೇರೆ ಬೇರೆ ಕಾಯಿಲೆಗಳ ವಿರುದ್ಧ ಆ ಮಕ್ಕಳ ಮೈಯಲ್ಲಿದ್ದ ಆ್ಯಂಟಿಬಾಡಿಗಳಲ್ಲಿ 11%ರಿಂದ 73%ರವರೆಗೆ ಮಾಯವಾಗಿದ್ದವು. ಬಾಡಿಗೆಗೆ ಬಂದವನು ಹೊರಡುವಾಗ ಮನೆಯ ಹಳೇ ಲೆಕ್ಕದ ಪುಸ್ತಕಗಳನ್ನೆಲ್ಲ ಸುಟ್ಟು ಹೋದ ಹಾಗೆ. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಹೀಗಾಗಲಿಲ್ಲ. ಇಮ್ಯೂನಿಟಿ ಬೆಳೆಯಲಿ ಅಂತ ದಡಾರವನ್ನು ಬರಮಾಡಿಕೊಂಡರೆ, ಮಗು ಮೊದಲೇ ಕಷ್ಟಪಟ್ಟು ಗಳಿಸಿದ್ದ ಇಮ್ಯೂನಿಟಿಯೇ ಹೋಗುತ್ತದೆ. ಗೆಳತಿ ಸುಮ್ಮನಾಗಿ ಕೇಳಿದ್ದು ಇದೊಂದೇ ವಿಷಯ. ಉಳಿದಿದ್ದಕ್ಕೆಲ್ಲ ಅವಳ ಹತ್ತಿರ ಎದುರುಮಾತು ಇತ್ತು.

ಅವಳ ಎದುರುಮಾತುಗಳಲ್ಲಿ ಒಂದು ಗಟ್ಟಿಯಾದದ್ದು. "ಈಗಿನ ಮಕ್ಕಳನ್ನ ಅತಿಯಾಗಿ ತೊಳೆದು ಒರೆಸಿ ಬೆಳೆಸ್ತೀವಿ. ಮಣ್ಣು ಮುಟ್ಟಬಾರದು, ಮಳೇಲಿ ನೆನೀಬಾರದು. ಅದಕ್ಕೇ ಅಲರ್ಜಿ, ಅಸ್ತಮಾ." ಇದರಲ್ಲಿ ಸತ್ಯ ಇದೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಂಶೋಧಕ, ಅಣ್ಣ ಅಕ್ಕಂದಿರು ಜಾಸ್ತಿ ಇರುವ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಅಂತ ತೋರಿಸಿದರು. 2016ರಲ್ಲಿ ಬೇರೆ ಸಂಶೋಧಕರು ಅಮೆರಿಕದ ಎರಡು ಕೃಷಿಕ ಸಮುದಾಯಗಳನ್ನು ಹೋಲಿಸಿದರು. ಆಮಿಶ್ ಜನ ಮನೆಯ ಪಕ್ಕದಲ್ಲೇ ದನ ಕುದುರೆ ಕಟ್ಟಿ ಹಳೇ ಪದ್ಧತಿಯಲ್ಲಿ ಬೇಸಾಯ ಮಾಡುತ್ತಾರೆ. ಹಟರೈಟ್ ಜನರದ್ದು ಯಂತ್ರಗಳ ದೊಡ್ಡ ಬೇಸಾಯ, ಕೊಟ್ಟಿಗೆ ಮನೆಯಿಂದ ದೂರ. ಮೂಲದಲ್ಲಿ ಇಬ್ಬರೂ ಹತ್ತಿರದವರು. ಆದರೂ ಆಮಿಶ್ ಮಕ್ಕಳಲ್ಲಿ ಅಸ್ತಮಾ ಬಹಳ ಕಡಿಮೆ. ಕೊಟ್ಟಿಗೆಯ ಧೂಳಿನ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣ ಅಂತ ಆ ಸಂಶೋಧಕರ ತರ್ಕ.

ಸರಿ. ಆದರೆ ಆ ಧೂಳಿನಲ್ಲಿ ಪೋಲಿಯೊ ಇರಲಿಲ್ಲ. ಮಗುವಿನ ದೇಹವನ್ನು ಪಳಗಿಸುವುದು ದಿನವೂ ಮುಟ್ಟುವ ಮಣ್ಣು, ಪ್ರಾಣಿ, ಹೊಟ್ಟೆಯೊಳಗೆ ನೆಲೆಸುವ ಬ್ಯಾಕ್ಟೀರಿಯಾ. ಕೊಲ್ಲುವ ಶಕ್ತಿ ಇರುವ ಕಾಯಿಲೆಗಳು ಆ ಗುಂಪಿನವಲ್ಲ. ಮಗು ಮಣ್ಣಲ್ಲಿ ಹೊರಳಾಡಲಿ, ನಾಯಿಮರಿಯ ಜೊತೆ ಆಡಲಿ, ಲಸಿಕೆಯನ್ನೂ ಹಾಕಿಸಿಕೊಳ್ಳಲಿ. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕು ಅಂತ ಯಾರು ಹೇಳಿದರೋ ಗೊತ್ತಿಲ್ಲ. ಧನುರ್ವಾಯುವಿನ ಲಸಿಕೆ ಆಗಿದ್ದರಂತೂ ಮಣ್ಣಿಗೆ ಬಿಡಲು ಇನ್ನೂ ಧೈರ್ಯ.

ಎದೆಹಾಲಿನ ಮಾತೂ ಹೀಗೆಯೇ. ಹಾಲಿನಲ್ಲಿರುವ ಆ್ಯಂಟಿಬಾಡಿಗಳು ಮಗುವಿನ ಬಾಯಿ, ಗಂಟಲು, ಕರುಳನ್ನು ಕಾಯುತ್ತವೆ. ಹೊಟ್ಟೆಯಲ್ಲಿದ್ದಾಗಲೇ ಹೊಕ್ಕುಳಬಳ್ಳಿಯ ಮೂಲಕ ಬಂದ ತಾಯಿಯ ಆ್ಯಂಟಿಬಾಡಿಗಳು ರಕ್ತದಲ್ಲಿ ಕೆಲವು ತಿಂಗಳು ಇರುತ್ತವೆ. ಆಮೇಲೆ ಕರಗುತ್ತವೆ. ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಕೊಡದೆ, ಒಂಬತ್ತು ತಿಂಗಳೋ ಒಂದು ವರ್ಷವೋ ಕಾಯುವುದು ಇದೇ ಕಾರಣಕ್ಕೆ. ತಾಯಿಯ ಆ್ಯಂಟಿಬಾಡಿ ಇರುವಾಗ ಕೊಟ್ಟರೆ ಅದು ಲಸಿಕೆಯ ವೈರಸ್ಸನ್ನೇ ಹೊಡೆದು ಹಾಕುತ್ತದೆ. ನಾಯಿಕೆಮ್ಮಿನ ಲಸಿಕೆಯನ್ನು ಹಲವು ದೇಶಗಳಲ್ಲಿ ಗರ್ಭಿಣಿಗೇ ಹಾಕುತ್ತಾರೆ, ಆ ರಕ್ಷಣೆ ಹೊಕ್ಕುಳಬಳ್ಳಿಯ ದಾರಿಯಲ್ಲೇ ಮಗುವಿಗೆ ಹೋಗಲಿ ಅಂತ. ಲಸಿಕೆಯ ವೇಳಾಪಟ್ಟಿ ಮಾಡಿದವರು ಪ್ರಕೃತಿಯ ಲೆಕ್ಕವನ್ನು ಮರೆತವರಲ್ಲ. ಅದನ್ನು ನೋಡಿಕೊಂಡೇ ತಾರೀಖು ಇಟ್ಟವರು.

"ಇಷ್ಟೊಂದು ಲಸಿಕೆ, ಒಂದೇ ದಿನ ಮೂರು ನಾಲ್ಕು, ಪುಟ್ಟ ದೇಹ ತಡೆಯುತ್ತಾ?" ಇದೂ ಸಾಮಾನ್ಯ ಪ್ರಶ್ನೆ. ಹಳೆಯ ನಾಯಿಕೆಮ್ಮಿನ ಲಸಿಕೆ ಒಂದರಲ್ಲೇ ದೇಹ ಗುರುತು ಹಿಡಿದು ಕಲಿಯಬೇಕಾದ ಸುಮಾರು 3,000 ಬಗೆಯ ಪ್ರೋಟೀನ್‌ಗಳಿದ್ದವು. ಸಿಡುಬಿನದರಲ್ಲಿ ಸುಮಾರು 200. ಈಗಿನ ಹೊಸ ಬಗೆಯ ನಾಯಿಕೆಮ್ಮಿನ ಲಸಿಕೆಯಲ್ಲಿ ಇರುವುದು ಎರಡರಿಂದ ಐದು. ಲಸಿಕೆಗಳ ಸಂಖ್ಯೆ ಏರಿದೆ, ಒಳಗಿರುವ ಸರಕು ಇಳಿದಿದೆ.

ಆಟಿಸಂ ವಿಷಯವನ್ನು ಬೇಗ ಮುಗಿಸುತ್ತೇನೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು, ದಡಾರದ ಲಸಿಕೆ ಸೇರಿರುವ ಎಂಎಂಆರ್ ಚುಚ್ಚುಮದ್ದಿಗೂ ಆಟಿಸಂಗೂ ಸಂಬಂಧ ಇರಬಹುದು ಅಂತ ಸೂಚಿಸಿ ಬರೆದ ಲೇಖನ ಕೇವಲ 12 ಮಕ್ಕಳದ್ದು. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಮಗು ಮಾತು ಕಲಿಯುವ, ಆಟಿಸಂನ ಲಕ್ಷಣ ಮೊದಲ ಸಲ ಅಪ್ಪ ಅಮ್ಮನ ಕಣ್ಣಿಗೆ ಬೀಳುವ ವಯಸ್ಸೂ, ಈ ಲಸಿಕೆ ಹಾಕುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ತಾಯಿಯೊಬ್ಬಳು ಎರಡನ್ನೂ ಜೋಡಿಸಿ ನೋಡಿದರೆ ನಾನು ಅವಳನ್ನು ದೂರುವುದಿಲ್ಲ.

ಹಾಗಂತ ಲಸಿಕೆಗಳ ಚರಿತ್ರೆ ಶುದ್ಧ ಹಾಲಿನಂಥದ್ದು ಅಂತ ಹೇಳುವವರನ್ನೂ ನಂಬಬೇಡಿ. 1955ರಲ್ಲಿ ಅಮೆರಿಕದ ಕಟರ್ ಕಂಪನಿ ತಯಾರಿಸಿದ ಪೋಲಿಯೊ ಲಸಿಕೆಯ ಕೆಲವು ಕಂತುಗಳಲ್ಲಿ ವೈರಸ್ ಸತ್ತಿರಲಿಲ್ಲ. ಸುಮಾರು 200 ಮಂದಿಗೆ ಕೈಕಾಲು ಸ್ವಾಧೀನ ತಪ್ಪಿತು, 10 ಮಂದಿ ಸತ್ತರು. ಲಸಿಕೆ ತಯಾರಿಕೆಯ ಮೇಲೆ ಬಿಗಿಯಾದ ತಪಾಸಣೆ ಬಂದದ್ದು ಅದರ ಮೇಲೆ. 1998ರಲ್ಲಿ ಬಂದ, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ಸಿನ ಮೊದಲ ಲಸಿಕೆಯಿಂದ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತಿತ್ತು. ಮರುವರ್ಷವೇ ಅದನ್ನು ಮಾರುಕಟ್ಟೆಯಿಂದ ತೆಗೆದರು. ಆಮೇಲೆ ಬಂದ ಎರಡು ಲಸಿಕೆಗಳನ್ನು ಒಪ್ಪುವ ಮೊದಲು ಒಂದೊಂದನ್ನೂ 60,000ಕ್ಕೂ ಹೆಚ್ಚು ಕೂಸುಗಳಲ್ಲಿ ಪರೀಕ್ಷಿಸಿದರು. ಬಾಯಿಗೆ ಹಾಕುವ ಪೋಲಿಯೊ ಹನಿಯಿಂದಲೇ, ಸುಮಾರು 27 ಲಕ್ಷ ಡೋಸ್‌ಗೆ ಒಂದರಂತೆ, ಪೋಲಿಯೊ ಬಂದದ್ದೂ ಇದೆ. ಇದನ್ನೆಲ್ಲ ಮುಚ್ಚಿಟ್ಟರೆ ಅಪ್ಪ ಅಮ್ಮಂದಿರ ನಂಬಿಕೆ ಹೆಚ್ಚುವುದಿಲ್ಲ. ಬೇರೆ ಯಾರೋ, ಬೇರೆ ಉದ್ದೇಶದಿಂದ, ಅರ್ಧ ಕಥೆ ಹೇಳಿ ಹೆದರಿಸುತ್ತಾರೆ ಅಷ್ಟೆ.

ನಂಬಿಕೆ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಪೆಸಿಫಿಕ್ ಸಾಗರದ ಸಮೋವಾ ದೇಶ ಇದೆ. ಜನಸಂಖ್ಯೆ ಸುಮಾರು 2 ಲಕ್ಷ. 2018ರ ಜುಲೈಯಲ್ಲಿ ಅಲ್ಲಿನ ಎರಡು ಕೂಸುಗಳು ದಡಾರದ ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ಸತ್ತುಹೋದವು. ಲಸಿಕೆಯ ಪುಡಿಗೆ ನೀರು ಬೆರೆಸುವ ಬದಲು ನರ್ಸ್‌ಗಳು ಸ್ನಾಯುಗಳನ್ನು ಸಡಿಲಿಸುವ, ಅರಿವಳಿಕೆಯ ವೇಳೆ ಬಳಸುವ ಮದ್ದನ್ನು ಬೆರೆಸಿದ್ದರು. ಲಸಿಕೆಯದ್ದೇನೂ ದೋಷ ಇರಲಿಲ್ಲ. ಆದರೆ ಅದು ಗೊತ್ತಾಗುವ ಮೊದಲೇ ಸುದ್ದಿ ಮನೆ ಮನೆ ಮುಟ್ಟಿತ್ತು. ಸರ್ಕಾರ ತಿಂಗಳುಗಟ್ಟಲೆ ಆ ಲಸಿಕೆ ನಿಲ್ಲಿಸಿತು. ಲಸಿಕೆ ಪಡೆದ ಕೂಸುಗಳ ಪ್ರಮಾಣ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಯಾವ ತಾಯಿ ತಾನೇ ಹೋಗುತ್ತಾಳೆ? ಅಂಥ ಸಾವಿನ ಸುದ್ದಿ ಕೇಳಿದ ಮೇಲೆ, ಆ ಊರಿನಲ್ಲಿದ್ದಿದ್ದರೆ ನನ್ನ ಕಾಲೂ ಆ ಕಡೆ ಹೋಗುತ್ತಿರಲಿಲ್ಲ.

2019ರಲ್ಲಿ ದಡಾರ ಬಂತು. ಗಾಳಿಯಲ್ಲಿ ಹರಡುವ ಕಾಯಿಲೆಗಳಲ್ಲಿ ಇದರಷ್ಟು ಬೇಗ ಅಂಟುವುದು ಇನ್ನೊಂದಿಲ್ಲ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಮಂದಿಗೆ ದಾಟುತ್ತದೆ. ಅದನ್ನು ತಡೆಯಲು 100ರಲ್ಲಿ 95 ಮಂದಿಗೆ ರಕ್ಷಣೆ ಇರಬೇಕು. ಸಮೋವಾದಲ್ಲಿ 5,700 ಜನಕ್ಕೆ ಅಂಟಿತು. 83 ಮಂದಿ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರಿನಲ್ಲಿ ಎರಡು ದಿನ ಇಡೀ ದೇಶವನ್ನೇ ಬಂದ್ ಮಾಡಿದರು. ಲಸಿಕೆ ಆಗದವರು ಇರುವ ಮನೆಗಳು ಹೊರಗೆ ಕೆಂಪು ಬಟ್ಟೆ ಕಟ್ಟಬೇಕು, ತಂಡಗಳು ಮನೆಗೇ ಬಂದು ಹಾಕುತ್ತವೆ ಅಂತ ಹೇಳಿದರು. ಬೀದಿಯುದ್ದಕ್ಕೂ ಮರಕ್ಕೆ, ಕಂಬಕ್ಕೆ ಕೆಂಪು ಬಟ್ಟೆಗಳು. ಒಂದೂವರೆ ವರ್ಷದ ಹಿಂದೆ ಹೆದರಿ ಹಿಂದೆ ಸರಿದವರೇ ಈಗ ತಾವಾಗಿ ಕರೆಯುತ್ತಿದ್ದರು. ಅವರ ಮೊದಲಿನ ಭಯವೂ ನಿಜವಾದದ್ದೇ, ಎರಡನೆಯದೂ ನಿಜವಾದದ್ದೇ. ನನ್ನ ಸಿಟ್ಟು ಆ ನಡುವಿನ ತಿಂಗಳುಗಳ ಮೇಲೆ. ಏನಾಯಿತು ಅಂತ ಮನೆ ಮನೆಗೆ ಹೋಗಿ ಬಿಡಿಸಿ ಹೇಳಬೇಕಾದವರು ಸಾಕಷ್ಟು ಹೇಳಲಿಲ್ಲ. ಆ ಖಾಲಿ ಜಾಗವನ್ನು ಬೇರೆಯವರ ಮಾತು ತುಂಬಿತು.

ಒಂದು ಲಸಿಕೆ ಮಾತ್ರ ನನ್ನನ್ನು ಬೇರೆ ರೀತಿಯಲ್ಲಿ ಯೋಚನೆಗೆ ಹಚ್ಚುತ್ತದೆ. ರುಬೆಲ್ಲಾದು. ಮಕ್ಕಳಿಗೆ ಇದು ಬಂದರೆ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ, ಮೂರು ದಿನದಲ್ಲಿ ಮಾಯ. "ಬಂದು ಹೋಗಲಿ" ಅನ್ನಲು ಹೇಳಿ ಮಾಡಿಸಿದ ಕಾಯಿಲೆ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, ಹುಟ್ಟುವಾಗಲೇ ಕಣ್ಣಿನ ಪೊರೆ ಇದ್ದ ಕೂಸುಗಳು ಒಂದರ ಹಿಂದೆ ಒಂದು ಬರುವುದನ್ನು ಗಮನಿಸಿ, ತಾಯಂದಿರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತು ಅಂತ ಪತ್ತೆ ಮಾಡಿದರು. 1964-65ರ ಪಿಡುಗಿನಲ್ಲಿ ಅಮೆರಿಕದಲ್ಲಿ ಸುಮಾರು 20,000 ಕೂಸುಗಳು ಕಿವಿ, ಕಣ್ಣು ಅಥವಾ ಹೃದಯದ ತೊಂದರೆಯೊಂದಿಗೆ ಹುಟ್ಟಿದವು. ನನ್ನ ಮಗನ ತೊಡೆಗೆ ಚುಚ್ಚಿದ ರುಬೆಲ್ಲಾ ಲಸಿಕೆಯಿಂದ ಅವನಿಗೆ ಆದ ಲಾಭ ಅಲ್ಪ. ಲಾಭ ಆದದ್ದು ಅವನು ಎಂದೂ ನೋಡದ ಯಾವಳೋ ಗರ್ಭಿಣಿಯ ಹೊಟ್ಟೆಯ ಮಗುವಿಗೆ. ಅವನ ಒಪ್ಪಿಗೆ ಕೇಳದೆ ನಾನು ಈ ಉಪಕಾರ ಮಾಡಿಸಿದೆ. ಇದನ್ನು ಗೆಳತಿಗೆ ಹೇಳಿದಾಗ, "ಅದು ಸರಿ, ಆದರೆ ನಿನ್ನ ಮಗನಿಗೆ ಏನಾದ್ರೂ ಆಗಿದ್ರೆ?" ಅಂದಳು. ಅವಳ ಪ್ರಶ್ನೆ ನ್ಯಾಯವಾದದ್ದು. ನಾನು ಅವಳಿಗೆ ಕೊಟ್ಟ ಉತ್ತರ ಇಷ್ಟೇ: ಅವಳು ಹೊಟ್ಟೆಯಲ್ಲಿದ್ದಾಗ ಅವಳ ಅಮ್ಮನ ಸುತ್ತಮುತ್ತ ಇದ್ದ ಮಕ್ಕಳಿಗೆ ರುಬೆಲ್ಲಾ ಇರಲಿಲ್ಲ, ಅದು ನಮ್ಮ ಅದೃಷ್ಟ. ಅವಳು ನಕ್ಕಳು. ಒಪ್ಪಿದಳು ಅಂತ ಅಲ್ಲ.

ಈಗ ಕೆಲಸಕ್ಕೆ ಬರುವ ಕೆಲವು ಮಾತು. ಡಾಕ್ಟರ್ ಹತ್ತಿರ ಹೋದಾಗ ಪ್ರಶ್ನೆ ಕೇಳಲು ಸಂಕೋಚ ಬೇಡ. ಜ್ವರ ಯಾವಾಗ ಬರಬಹುದು ಅಂತ ಕೇಳಿ. ದಡಾರದ ಲಸಿಕೆಯ ಜ್ವರ ಅದೇ ರಾತ್ರಿ ಬರುವಂಥದ್ದಲ್ಲ, ಒಂದು ವಾರ ಹತ್ತು ದಿನ ಕಳೆದ ಮೇಲೆ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಗಾಬರಿಯಾಗುತ್ತಾರೆ. ಆ ಜ್ವರದಲ್ಲಿ 3,000ದಿಂದ 4,000 ಮಕ್ಕಳಲ್ಲಿ ಒಬ್ಬರಿಗೆ ಫಿಟ್ಸ್ ಬರಬಹುದು. ನೋಡಲು ಭಯಂಕರ, ಸಾಮಾನ್ಯವಾಗಿ ಶಾಶ್ವತ ತೊಂದರೆ ಉಳಿಸುವುದಿಲ್ಲ, ಆದರೂ ಕೂಡಲೇ ಡಾಕ್ಟರಿಗೆ ತೋರಿಸಬೇಕು. ತೀವ್ರವಾದ ಅಲರ್ಜಿ ಸುಮಾರು 10 ಲಕ್ಷ ಡೋಸ್‌ಗೆ ಒಂದರಂತೆ ಆಗುತ್ತದೆ. ಹೆಚ್ಚಾಗಿ ಸ್ವಲ್ಪ ಹೊತ್ತಿನಲ್ಲೇ ಕಾಣಿಸಿಕೊಳ್ಳುವುದರಿಂದ ಚುಚ್ಚಿದ ಮೇಲೆ ಅಲ್ಲೇ ಕೂತಿರಲು ಹೇಳುತ್ತಾರೆ. ಕೂತಿರಿ, ಎದ್ದು ಓಡಬೇಡಿ.

ನಿಜವಾಗಿಯೂ ಲಸಿಕೆ ಹಾಕಬಾರದ ಮಕ್ಕಳು ಇದ್ದಾರೆ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆದವರಿಗೆ ಅದೇ ಲಸಿಕೆ ಮತ್ತೆ ಕೊಡುವುದಿಲ್ಲ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ದಡಾರದಂಥ ಜೀವಂತ ವೈರಸ್ಸಿನ ಲಸಿಕೆ ಕೊಡುವಂತಿಲ್ಲ. ಇಂಥ ಮಗುವಿನ ತಾಯಿಯೊಬ್ಬರನ್ನು ನಾನು ಬಲ್ಲೆ. ಬೇರೆ ಮಕ್ಕಳ ಲಸಿಕೆಯ ಬಗ್ಗೆ ಅವರಷ್ಟು ಕಾಳಜಿಯಿಂದ ವಿಚಾರಿಸುವವರನ್ನು ನಾನು ನೋಡಿಲ್ಲ. ಸಣ್ಣ ಶೀತ, ಮೂಗು ಸೋರುವುದು, ಆ್ಯಂಟಿಬಯೋಟಿಕ್ ಕುಡಿಯುತ್ತಿರುವುದು, ಅವಧಿಗೆ ಮುಂಚೆ ಹುಟ್ಟಿದ್ದು, ಇವು ಯಾವುವೂ ಸಾಮಾನ್ಯವಾಗಿ ಮುಂದೂಡಲು ಕಾರಣ ಅಲ್ಲ.

ಈಗಾಗಲೇ ತಾರೀಖು ತಪ್ಪಿಸಿಕೊಂಡವರು, ಡಾಕ್ಟರ್ ಬೈಯುತ್ತಾರೆ ಅಂತಲೇ ಆ ಕಡೆ ತಲೆ ಹಾಕದವರೂ ಇದ್ದಾರೆ. ಎಷ್ಟೇ ತಡವಾಗಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಹೆಚ್ಚಿನ ಲಸಿಕೆಗಳನ್ನು ನಿಂತಲ್ಲಿಂದ ಮುಂದುವರಿಸಿದರೆ ಸಾಕು, ಹಳೆಯ ಡೋಸ್ ವ್ಯರ್ಥ ಆಗಿರುವುದಿಲ್ಲ. ರೋಟಾವೈರಸ್ಸಿನ ಹನಿಗೆ ಮಾತ್ರ ವಯಸ್ಸಿನ ಮಿತಿ ಇದೆ, ಅದು ದಾಟಿದರೆ ಕೊಡುವುದಿಲ್ಲ. ಹಳೇ ಲಸಿಕೆ ಕಾರ್ಡ್ ಹುಡುಕಿ ತೆಗೆದುಕೊಂಡು ಹೋಗಿ. ಕಳೆದಿದ್ದರೆ ಕಳೆದಿದೆ ಅಂತಲೇ ಹೇಳಿ, ಅದಕ್ಕೂ ಅವರ ಹತ್ತಿರ ದಾರಿ ಇರುತ್ತದೆ.